ಕೆಳಮುಖದ ಬಾಗಿಲು

ಕೆರೆ ದಂಡೆಯ ಜಾಲಿಮರದಲ್ಲಿ ಗೂಡೊಂದರ ಬಾಗಿಲು ಕೆಳಮುಖವಾಗಿರುವುದು ಪತ್ತೆಯಾಗಿ, ಮರದ ವಸತಿ ಮಂಡಳಿ ತೀವ್ರ ಕಳವಳ ವ್ಯಕ್ತಪಡಿಸಿತು.

ಗೂಡು ಗೀಜಗನದು. ಮಳೆಗೆ ಮೊದಲು ಹೆಣ್ಣು ಬಂದು ನೋಡಿ ಒಪ್ಪದಿದ್ದರೆ ಅವನಿಗೆ ಆ ವರ್ಷ ಸಂಸಾರವಿಲ್ಲ. ಅಂಥ ಹೊತ್ತಿನಲ್ಲಿ ತಪಾಸಣೆಗೆ ಬಂದವನು ಓತಿಕೇತ, ಜನ್ಮದಲ್ಲಿ ಒಂದೂ ಗೂಡು ಕಟ್ಟದವನು.

“ಗೂಡು ನೇತಾಡುತ್ತಿದೆ. ಕೊಂಬೆಯ ಮೇಲೆ ಕೂರಿಸು. ಬಾಗಿಲು ಮೇಲಕ್ಕಿರಲಿ,” ಎಂದ.

“ಸ್ವಾಮಿ, ಮೇಲೆ ಬಾಗಿಲಿಟ್ಟರೆ ಮಳೆ ನೇರ ಒಳಗೇ ಬರುತ್ತದೆ. ಕೊಂಬೆಯ ಮೇಲಿಟ್ಟರೆ ಹಾವೂ ಬರುತ್ತದೆ.”

“ಹೋದ ವರ್ಷ ಕಾಗೆಯ ಗೂಡು ಬಿದ್ದ ಮೇಲೆ ಮಾಡಿದ ನಿಯಮವಯ್ಯಾ ಇದು.”

“ಅದು ಕಾಗೆಯ ಗೂಡಲ್ಲವೇ?”

“ನಿಯಮಕ್ಕೆ ಕಾಗೆ, ಗೀಜಗ ಎಂಬ ಭೇದವಿಲ್ಲ,” ಎಂದು ಓತಿಕೇತ ತಲೆಯಾಡಿಸಿದ. ಬೇಡ ಎನ್ನುವಾಗಲೂ ಅವನು ಹೌದೆಂಬಂತೆಯೇ ತಲೆಯಾಡಿಸುವುದನ್ನು ಕಂಡು ಗೀಜಗನಿಗೆ ಮೈಯೆಲ್ಲ ಉರಿಯಿತು.

ಆದರೂ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಹೆಣೆದ. ಹಾಗೆ ಮೂರು ಸಲ ಮಾಡಿದ ಮೇಲೆ ಅನುಮತಿ ಸಿಕ್ಕಿತು.

ಹೆಣ್ಣು ಬಂದಳು. ಕೊಕ್ಕಿನಿಂದ ಒಂದೊಂದೇ ಎಳೆ ಜಗ್ಗಿ ನೋಡಿದಳು. ಒಳಗೆ ಕೂತು ಕತ್ತೆತ್ತಿದರೆ ಆಕಾಶ ಕಂಡಿತು.

“ಇದನ್ನು ಯಾರಿಗೆ ಕಟ್ಟಿದ್ದೀಯಪ್ಪಾ?”

“ನಿನಗೇ. ಎಷ್ಟು ಕಟ್ಟುನಿಟ್ಟಿನ ತಪಾಸಣೆಯಾಗಿದೆ ಗೊತ್ತೇ?”

“ಕಟ್ಟುನಿಟ್ಟು ನನಗೇನು ಹೊಸದೇ? ಇದಕ್ಕಿಂತ ಹೆಚ್ಚು ನಾನೇ ಜಗ್ಗುತ್ತೇನೆ. ಆದರೆ ಮಳೆ ಬಂದರೆ ನೆನೆಯುವವಳೂ ನಾನೇ,” ಎಂದು ಹಾರಿಹೋದಳು.

ಮೂರನೆಯ ದಿನ ಮಳೆ ಬಂತು. ಆ ವರ್ಷ ಜಾಲಿಮರದಲ್ಲಿ ಅನುಮತಿ ಪಡೆದ ಗೂಡು ಒಂದು. ಅದರಲ್ಲಿ ಮೊಟ್ಟೆ ಇರಲಿಲ್ಲ.