ಹೊಂಬಾಳ ಐಸಿಯು ಎಣಿಸಿದ್ದು

ಹೂಂಗುಟ್ಟುವವರು ಮುಂದೆ ಬಂದು ಕೂತುಕೊಳ್ಳಿ, ಆಕಳಿಸುವವರು ಈಗಲೇ ಎದ್ದು ಹೋಗಿ. ನಡುವೆ ಎದ್ದರೆ ನನಗೆ ಸಿಟ್ಟು ಬರುತ್ತದೆ.

ನಾಲ್ಕು ಗುಡ್ಡ, ಒಂದು ಹೊಳೆ, ಅಷ್ಟೇ ಇದ್ದ ಪುಟ್ಟ ದೇಶವೊಂದಿತ್ತು. ಅಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಹೊಂಬಾಳ. ಮೈ ಆಳೆತ್ತರ ಬೆಳೆದಿತ್ತು, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತುಬಿಟ್ಟಿತ್ತು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವನು. ಕೋತಿ ಕಿಟಕಿಯಿಂದ ಬಂದು ಅಕ್ಕಿಯೆಲ್ಲ ಚೆಲ್ಲಿ ಹೋಗುವುದು.

"ಯಾಕ್ಲಾ ಓಡಿಸಲಿಲ್ಲ?"

"ಅದು ಬಾಗಿಲಿಂದ ಬರಲಿಲ್ವಲ್ಲವ್ವ!"

ನಿಂಗಾಜಮ್ಮ ಹಣೆ ಚಚ್ಚಿಕೊಳ್ಳುವಳು. ಚಚ್ಚಿಕೊಂಡರೂ ಬಿಡುವವಳಲ್ಲ ಅವಳು. ಇವನ ಕೈಲಿ ಒಂದಾದರೂ ಕೆಲಸ ನೆಟ್ಟಗೆ ಮಾಡಿಸಿಯೇ ತೀರುತ್ತೇನೆ ಅಂತ ಹಟ. ಅವಳಿಗೆ ಉಬ್ಬಸ ಬೇರೆ. ಚಳಿ ಬಿತ್ತೆಂದರೆ ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದಬೇಕಿತ್ತು.

ಆ ವರ್ಷ ಹೊಳೆಯಾಚೆಯ ದೊಡ್ಡ ದೇಶಕ್ಕೆ ಉಸಿರು ಕಟ್ಟಿಸುವ ಜ್ವರ ಬಂತು. ಅಲ್ಲಿ ತಣ್ಣಗಾಗಿ ಇತ್ತ ಮುಖ ಮಾಡಿತು. ಆಚೆ ದೇಶದ ಡಾಕ್ಟರಮ್ಮ ಒಳ್ಳೆಯವಳು. ಈಚೆ ದೇಶದ ಮಂತ್ರಿಗೆ ಹೇಳಿ ಕಳಿಸಿದಳು: "ನಿಮ್ಮ ಐಸಿಯುಗಳಲ್ಲಿ ಎಷ್ಟು ಜನಕ್ಕೆ ಜಾಗವಿದೆ, ಸರಿಯಾಗಿ ಎಣಿಸಿಡಿ. ನಾನೇ ಬಂದು ನೋಡುತ್ತೇನೆ. ಎಷ್ಟು ಕಡಿಮೆ ಬೀಳುತ್ತದೋ ಅಷ್ಟು ಯಂತ್ರ, ಅಷ್ಟು ನರ್ಸುಗಳನ್ನು ಕೊಡುತ್ತೇವೆ."

ಎಣಿಸುವವರು ಯಾರು? ಓದಿದವರೆಲ್ಲ ತಲೆ ತಗ್ಗಿಸಿ ಕೂತರು. ಜ್ವರದ ವಾರ್ಡಿಗೆ ಹೋಗುವ ಧೈರ್ಯ ಯಾರಿಗಿದೆ? ಆಗ ನಿಂಗಾಜಮ್ಮ ಮಗನ ರಟ್ಟೆ ಹಿಡಿದು ದರದರ ಎಳೆದುಕೊಂಡು ಮಂತ್ರಿಯ ಮುಂದೆ ನಿಂತಳು.

"ನನ್ನ ಮಗ ಹೋಯ್ತಾನೆ ಸ್ವಾಮಿ. ಅವನಿಗೆ ಹೆದರೋವಷ್ಟು ಬುದ್ಧಿ ಇಲ್ಲ."

"ಎಣಿಸೋಕೆ ಬರುತ್ತೇನಮ್ಮ?"

"ನಾನು ಹೇಳ್ಕೊಡ್ತೀನಿ. ಜ್ವರ ಬಂದ್ರೆ ಮೊದಲು ಹಿಡಿಯೋದು ನನ್ನಂಥ ಉಬ್ಬಸದೋರ್ನ. ನಮಗೊಂದು ಜಾಗ ಐತೋ ಇಲ್ವೋ ನಂಗೂ ಗೊತ್ತಾಗಬೇಕು."

ಮನೆಗೆ ಬಂದು ಒಂದು ಚೀಲದ ತುಂಬ ಹುಣಸೆ ಬೀಜ ತುಂಬಿಕೊಟ್ಟಳು. ಬೆರಳು ಮುಗಿದ ಮೇಲೆ ಹೊಂಬಾಳನಿಗೆ ಎಣಿಕೆ ಬರುತ್ತಿರಲಿಲ್ಲ ನೋಡಿ.

"ಮಂಚ ಕಂಡ ಕಡೆ ಒಂದು ಬೀಜ ತೆಗೆದು ಹಾಕು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ!"

ಹೋದ. ಮೊದಲನೇ ಆಸ್ಪತ್ರೆ ಹೊಕ್ಕ. ಮಂಚ ಕಂಡಿತು, ಮಂಚದ ಮೇಲೆ ಒಂದು ಬೀಜ ಹಾಕಿದ. ಇನ್ನೊಂದು ಮಂಚ, ಇನ್ನೊಂದು ಬೀಜ. ಮಲಗಿದ್ದ ರೋಗಿಯ ಬೆನ್ನ ಕೆಳಗೆ, ಕತ್ತಿನ ಸಂದಿಯಲ್ಲಿ, ಒಬ್ಬನ ಕಿವಿಯಲ್ಲಿ. ಅಯ್ಯೋ ಅಪ್ಪಾ ಚುಚ್ಚುತ್ತೆ ಅಂತ ವಾರ್ಡಿಗೆ ವಾರ್ಡೇ ಕೂಗಿಕೊಂಡಿತು. ಬರಿಗೈಯಲ್ಲಿ ಮನೆಗೆ ಬಂದ.

"ಎಲ್ಲೋ ಬೀಜ?"

"ಮಂಚದ ಮೇಲೆ ಹಾಕಿ ಬಂದೆ ಕಣವ್ವ!"

"ಥೂ ಪೆದ್ದೇ! ಅಲ್ಲಿ ಹಾಕಿ ಬಂದ್ರೆ ನಂಗೆಂಗೆ ತಿಳೀಬೇಕು? ಎಣಿಸಿದ್ದನ್ನ ಚೀಲಕ್ಕೆ ಹಾಕ್ಕೊಂಡು ಮನೆಗೆ ತರಬೇಕು! ನಾಳೆ ಯಂತ್ರ ಎಣಿಸು. ಯಂತ್ರ ಇಲ್ದೆ ಬರೀ ಮಂಚದಿಂದ ಏನು ಬಂತು?"

"ಹಂಗೇ ಮಾಡ್ತೀನಿ ಕಣವ್ವ!"

ಎರಡನೇ ಆಸ್ಪತ್ರೆಗೆ ಹೋದ. ಉಸಿರಾಟದ ಯಂತ್ರ ಎಲ್ಲಿ ಅಂದರೆ ಉಗ್ರಾಣ ತೋರಿಸಿದರು. ಒಂದೇ ಒಂದಿತ್ತು, ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ಅದರ ಮೇಲೆ ಪೊರಕೆಗಳನ್ನು ಒರಗಿಸಿದ್ದರು. ಹೊಂಬಾಳ ಪೊರಕೆ ಸರಿಸಿದ, ಒಂದು ಅಂತ ಎಣಿಸಿದ, ಎತ್ತಿ ಗೋಣಿಚೀಲಕ್ಕೆ ಹಾಕಿದ, ತಲೆ ಮೇಲಿಟ್ಟುಕೊಂಡು ಹೊರಟೇಬಿಟ್ಟ. ಆಸ್ಪತ್ರೆಯವರಿಗೆ ಗೊತ್ತೇ ಆಗಲಿಲ್ಲ. ಪೊರಕೆ ಹುಡುಕಲು ಬಂದವಳು ಕೂಗಿದಾಗಲೇ ಗೊತ್ತಾಗಿದ್ದು.

"ತಂದೆ ಕಣವ್ವ!" ಅಂತ ಜಗಲಿಯ ಮೇಲೆ ಇಳಿಸಿದ. ಹಿಂದೆಯೇ ಪೊಲೀಸಿನವರು.

"ಅಯ್ಯೋ ನನ್ ಕರ್ಮವೇ! ಆಸ್ಪತ್ರೇಲಿ ಯಾವುದನ್ನೂ ಮುಟ್ಟಬಾರ್ದು ಕಣ್ಲಾ! ಕೈ ಕಟ್ಕೊಂಡು ನಿಂತ್ಕೋ. ದೊಡ್ಡ ಡಾಕ್ಟರನ್ನ ಕೇಳು. ಅವರು ಎಷ್ಟು ಹೇಳ್ತಾರೋ ಅಷ್ಟು ಬೀಜ ಹಾಕ್ಕೋ!"

"ಇನ್ನು ಮುಟ್ಟಲ್ಲ ಕಣವ್ವ!"

ಮೂರನೆಯದು ಗಾಜಿನ ಆಸ್ಪತ್ರೆ. ಬಾಗಿಲಲ್ಲಿ ಕಾವಲಿನವನು ಒಂದು ಆಂಬುಲೆನ್ಸನ್ನು ತಡೆದು, "ಜಾಗ ಇಲ್ಲ, ಜಾಗ ಇಲ್ಲ, ಬೇರೆ ಕಡೆ ಹೋಗಿ" ಅನ್ನುತ್ತಿದ್ದ. ಹೊಂಬಾಳ ಕೈ ಕಟ್ಟಿಕೊಂಡು ಅವನನ್ನು ದಾಟಿ ದೊಡ್ಡ ಡಾಕ್ಟರ ಮುಂದೆ ನಿಂತ.

"ಐಸಿಯು ಜಾಗ ಎಷ್ಟವೆ ಸ್ವಾಮಿ?"

"ಎಷ್ಟು ಬೇಕಯ್ಯ?"

"ಅವ್ವ ಹೇಳ್ಲಿಲ್ಲ."

"ನೂರು ಅಂತ ಹಾಕ್ಕೋ."

"ಆಯ್ತು ಸ್ವಾಮಿ."

"ಬೇಡ, ಮಂತ್ರಿಗಳು ನೋಡ್ತಾರೆ. ಇನ್ನೂರು ಹಾಕ್ಕೋ."

"ಆಯ್ತು ಸ್ವಾಮಿ!"

ಮನೆಗೆ ಬಂದು ನಡೆದದ್ದೆಲ್ಲ ಹೇಳಿದ. ನಿಂಗಾಜಮ್ಮನ ಕಣ್ಣು ಕೆಂಡವಾಯಿತು.

"ಬಾಗಿಲಲ್ಲಿ ಜಾಗ ಇಲ್ಲ, ಒಳಗೆ ಇನ್ನೂರಾ? ನೀನು ಒಳಗೆ ಹೋಗಿ ನೋಡಿದ್ಯಾ?"

"ಐಸಿಯು ಬಾಗಿಲು ಹಾಕಿತ್ತು. ಮುಟ್ಟಬೇಡ ಅಂದಿದ್ಯಲ್ಲವ್ವ!"

"ಹೇಳಿದ್ದನ್ನೆಲ್ಲ ನಂಬೋಕೆ ನೀನೇನು ಮಂತ್ರೀನೇನೋ! ಕಣ್ಣಲ್ಲಿ ನೋಡು! ಮಂಚ ಇದ್ರೆ ಸಾಲದು, ಯಂತ್ರ ಇದ್ರೆ ಸಾಲದು. ನೋಡ್ಕೊಳ್ಳೋ ನರ್ಸಮ್ಮ ಇಲ್ದಿದ್ರೆ ಯಂತ್ರ ಹೋಗಿ ಬಾಯಿಗೆ ನೀರು ಬಿಡ್ತದಾ? ಮಂಚದ ಪಕ್ಕ ನರ್ಸಮ್ಮ ನಿಂತಿರೋದು ಕಂಡ್ರೆ ಮಾತ್ರ ಒಂದು ಬೀಜ ಹಾಕ್ಕೋ!"

"ನರ್ಸಮ್ಮ ಕಂಡ್ರೆ ಮಾತ್ರ ಕಣವ್ವ!"

ನಾಲ್ಕನೇ ಆಸ್ಪತ್ರೆಯಲ್ಲಿ ವಾರ್ಡು ತುಂಬ ಮಂಚ, ನರ್ಸು ಒಬ್ಬಳೇ. ಪಾಪ, ಅವಳು ಕೂತದ್ದನ್ನು ಕಂಡವರಿಲ್ಲ. ಈ ಮಂಚದ ಪಕ್ಕ ನಿಂತಳು, ಹೊಂಬಾಳ ಇನ್ನೊಂದು ಚೀಲಕ್ಕೆ ಒಂದು ಬೀಜ ಹಾಕಿಕೊಂಡ. ಆ ಮಂಚಕ್ಕೆ ಓಡಿದಳು, ಇನ್ನೊಂದು. ಮೊದಲನೇ ಮಂಚಕ್ಕೇ ವಾಪಸು ಬಂದಳು, ಮತ್ತೊಂದು. ಅವಳು ಓಡಿದಳು, ಇವನು ಹಾಕಿಕೊಂಡ. ಬೀಜ ಮುಗಿಯಿತು. ಅಂಗಳದ ಕಲ್ಲು ಆರಿಸಿ ಹಾಕಿಕೊಂಡ. ಮನೆಗೆ ಬರುವ ದಾರಿಯಲ್ಲೇ ಮಂತ್ರಿ ಎದುರಾದ. ಉಬ್ಬಿದ ಚೀಲ ನೋಡಿದ, ಮುಖ ಅರಳಿತು.

"ಇಷ್ಟೊಂದಾ! ಭೇಷ್! ಡಂಗುರ ಸಾರಿಸಿ! ನಮ್ಮ ದೇಶದಲ್ಲಿ ಐಸಿಯುಗೆ ಬರವಿಲ್ಲ ಅಂತ ಸಾರಿಸಿ!"

ಡಂಗುರ ಕೇಳಿದ ನಿಂಗಾಜಮ್ಮ ಮಾಡುತ್ತಿದ್ದ ಮುದ್ದೆ ಬಿಟ್ಟು ಓಡಿ ಬಂದಳು. ಅವಳಿಗಾಗಲೇ ಎದೆ ಗೊರಗೊರ ಅನ್ನುತ್ತಿತ್ತು. ಬೀಜ ಹೇಗೆ ಹಾಕಿದೆ ಅಂತ ಮಗನನ್ನು ಕೇಳಿ ತಿಳಿದುಕೊಂಡಳು.

"ನಿಲ್ಲಿಸ್ರೀ ಡಂಗುರ! ಸ್ವಾಮಿ, ಇದನ್ನ ನಂಬಿ ಆಚೆ ದೇಶದೋರು ಏನೂ ಕೊಡದಿದ್ರೆ ನಾವೆಲ್ಲ ಉಸಿರಿಲ್ದೆ ಸಾಯ್ತೀವಿ!"

"ಸಾರಿಸಿದ್ದಾಯಿತಲ್ಲಮ್ಮ" ಅಂದ ಮಂತ್ರಿ.

"ಡಾಕ್ಟರಮ್ಮ ಬರೋದ್ರೊಳಗೆ ಸರಿ ಮಾಡ್ತೀನಿ, ನೋಡ್ತಿರಿ!" ಮಗನ ಕಿವಿ ಹಿಡಿದಳು. "ಲೋ ಹೊಂಬಾಳ, ನೆಟ್ಟಗೆ ಕೇಳಿಸ್ಕೋ. ಒಬ್ಬಳೇ ಓಡಾಡೋದು ಲೆಕ್ಕಕ್ಕಿಲ್ಲ. ರೋಗಿ ಮಲಗಿರೋ ಮಂಚ ಲೆಕ್ಕಕ್ಕಿಲ್ಲ. ಖಾಲಿ ಇರಬೇಕು, ಯಂತ್ರ ಓಡಬೇಕು, ಅದಕ್ಕೇ ಅಂತ ನರ್ಸಮ್ಮ ಇರಬೇಕು. ಅಂಥಾದ್ದು ಕಂಡ್ರೆ ಅಲ್ಲೇ ನಿಂತ್ಕೋ. ಡಾಕ್ಟರಮ್ಮ ನೋಡೋಗಂಟ ಲೆಕ್ಕ ಕೆಡದಂಗೆ ಕಾಯಿ. ಯಾರು ಬಂದ್ರೂ ಬಿಡಬೇಡ!"

"ಯಾರು ಬಂದ್ರೂ ಬಿಡಲ್ಲ ಕಣವ್ವ!"

ಹೊಂಬಾಳ ಪೆದ್ದ ನಿಜ, ಸೋಮಾರಿಯಲ್ಲ. ಗುಡ್ಡ ಹತ್ತಿದ, ಗುಡ್ಡ ಇಳಿದ, ಇದ್ದ ಆಸ್ಪತ್ರೆಯನ್ನೆಲ್ಲ ಸುತ್ತಿದ. ಎಲ್ಲ ಕಡೆಯೂ ತುಂಬಿತ್ತು, ಇಲ್ಲವೇ ಯಂತ್ರ ಕೆಟ್ಟಿತ್ತು. ಕೊನೆಗೆ ಹೊಳೆದಂಡೆಯ ಆಸ್ಪತ್ರೆಯಲ್ಲಿ ಒಂದು ಸಿಕ್ಕಿತು. ಗಾಲಿಯ ಮಂಚ ಖಾಲಿ, ಯಂತ್ರ ಓಡುತ್ತಿತ್ತು, ಪಕ್ಕದಲ್ಲಿ ನರ್ಸು ಫ್ಲೋರಿನಮ್ಮ ನಿಂತಿದ್ದಳು. ಇಡೀ ದೇಶಕ್ಕೆ ಒಂದೇ ಒಂದು! ಹೊಂಬಾಳ ಎರಡೂ ಕೈ ಚಾಚಿ ಮಂಚಕ್ಕೆ ಅಡ್ಡ ನಿಂತ.

ಅಷ್ಟರಲ್ಲಿ ಹೊರಗೆ ಗದ್ದಲ. ಕೇರಿಯವರು ಯಾರನ್ನೋ ಹೊತ್ತು ತಂದರು. ಯಾರನ್ನ ಅಂತೀರಾ? ನಿಂಗಾಜಮ್ಮನನ್ನ! ತುಟಿ ನೀಲಿಯಾಗಿತ್ತು, ಮಾತು ಹೊರಡುತ್ತಿರಲಿಲ್ಲ.

"ಪಕ್ಕಕ್ಕೆ ಸರಿಯಪ್ಪ, ಮಲಗಿಸಬೇಕು" ಅಂದಳು ಫ್ಲೋರಿನಮ್ಮ.

"ಆಗಲ್ಲ! ಲೆಕ್ಕ ಕೆಡ್ತದೆ!"

"ನಿಮ್ಮವ್ವ ಕಣೋ!" ಅಂತ ಕೇರಿಯವರೆಲ್ಲ ಕೂಗಿದರು.

"ಯಾರು ಬಂದ್ರೂ ಬಿಡಬೇಡ ಅಂದಿದ್ದು ನಮ್ಮವ್ವನೇ!"

ನಿಂಗಾಜಮ್ಮ ಮಗನ ಮುಖ ನೋಡಿದಳು. ಬಯ್ಯೋಣ ಅಂದರೆ ಉಸಿರಿಲ್ಲ. ನಾನು ಎಷ್ಟು ಸಲ ಹೇಳಿದರೂ ಈ ಜಾಗಕ್ಕೆ ಬಂದಾಗ ನನಗೆ ಸಂಕಟವಾಗುತ್ತದೆ. ಫ್ಲೋರಿನಮ್ಮ ಮಾತ್ರ ಸಂಕಟಪಡುತ್ತ ನಿಲ್ಲಲಿಲ್ಲ. ಮೊಣಕೈಯಲ್ಲಿ ಒಂದು ತಿವಿದಳು, ಹೊಂಬಾಳ ಮೂಲೆಗೆ ಹೋಗಿ ಬಿದ್ದ. ನಿಂಗಾಜಮ್ಮನನ್ನು ಮಲಗಿಸಿ ಮೂಗಿಗೆ ಮಾಸ್ಕು ಕಟ್ಟಿದಳು. ಯಂತ್ರ ಉಸಿರು ತುಂಬಿತು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಬಂದದ್ದೇ ತಡ, ನಿಂಗಾಜಮ್ಮ ಮಾಸ್ಕು ಎತ್ತಿದಳು.

"ಲೋ... ಈಗ ಸೊನ್ನೆ ಕಣೋ. ಡಾಕ್ಟರಮ್ಮ ಏನು ಕೇಳಿದ್ರೂ ಸೊನ್ನೆ ಅನ್ನು. ಬೇರೆ ಮಾತು ಆಡಬೇಡ!"

"ಸೊನ್ನೆ ಕಣವ್ವ!"

ಡಾಕ್ಟರಮ್ಮನ ಜೀಪು ಬಂತು. ಅವಳು ಮಂತ್ರಿಯ ಜೊತೆ ಒಳಗೆ ಬಂದಳು.

"ಇಲ್ಲಿ ಎಷ್ಟು ಖಾಲಿ ಇದೆಯಪ್ಪ?"

"ಸೊನ್ನೆ!"

"ಇಡೀ ದೇಶದಲ್ಲಿ?"

"ಸೊನ್ನೆ!"

ಮಂತ್ರಿಯ ಮುಖ ಹುಳ್ಳಗಾಯಿತು. ಡಾಕ್ಟರಮ್ಮ ಹೊಂಬಾಳನ ಭುಜ ತಟ್ಟಿದಳು. "ನಿಜ ಹೇಳಿದೆ. ಹಾಗಾದರೆ ಎಷ್ಟು ಯಂತ್ರ ಕಳಿಸಲಿ?"

"ಸೊನ್ನೆ!"

"ನರ್ಸುಗಳು?"

"ಸೊನ್ನೆ!"

"ಬೇಡವಾ?" ಡಾಕ್ಟರಮ್ಮ ಪೆಚ್ಚಾದಳು. ಮಂತ್ರಿಗೆ ಹೋದ ಮಾನ ವಾಪಸು ಬಂದ ಹಾಗಾಯಿತು. "ನಾನು ಹೇಳಲಿಲ್ಲವೇ, ನಮಗೇನೂ ಕಡಿಮೆ ಇಲ್ಲ" ಅಂತ ಬೇಗ ಬೇಗ ಅವಳನ್ನು ಜೀಪು ಹತ್ತಿಸಿದ. ಜೀಪು ಹೊರಟಿತು.

ನಿಂಗಾಜಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಮಾಸ್ಕು ಕಿತ್ತೆಸೆದಳು, ಮಂಚದಿಂದ ಧುಮುಕಿದಳು, ಸೆರಗು ಸಿಕ್ಕಿಸಿ ಓಡಿದಳು. ಹತ್ತು ಹೆಜ್ಜೆಗೆ ಉಸಿರು ಹಿಡಿಯಿತು, ಅವಳು ನಿಲ್ಲಲಿಲ್ಲ. ಹೊಳೆಯ ಸೇತುವೆಯ ಹತ್ತಿರ ಜೀಪಿನ ಹಿಂದಿನ ಕಂಬಿ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ತಾಯೀ... ನಮಗೆ ಬೇಕು! ಮಂಚ ಇಲ್ಲ... ಯಂತ್ರ ಇಲ್ಲ... ನೋಡ್ಕೊಳ್ಳೋರಿಲ್ಲ... ಇದ್ದದ್ದು ಒಂದೇ, ಅದರಲ್ಲಿ ನಾನೇ ಮಲಗಿದ್ದೆ!"

ಡಾಕ್ಟರಮ್ಮ ಕೆಳಗಿಳಿದಳು. ನಿಂಗಾಜಮ್ಮನ ನೀಲಿ ತುಟಿ ನೋಡಿದಳು, ಕೈ ಹಿಡಿದುಕೊಂಡಳು. "ಕಳಿಸುತ್ತೇನಮ್ಮ. ಯಂತ್ರ, ನರ್ಸು, ಎಲ್ಲ ಕಳಿಸುತ್ತೇನೆ. ಒಂದೂ ಖಾಲಿ ಇಲ್ಲ ಅಂತ ನನಗೆ ತಿಳಿಯಿತು."

ಅಷ್ಟರಲ್ಲಿ ಹಿಂದಿನಿಂದ ಗಡಗಡ ಗಡಗಡ! ಹೊಂಬಾಳ ಗಾಲಿಯ ಮಂಚ ತಳ್ಳಿಕೊಂಡು ಓಡಿ ಬರುತ್ತಿದ್ದ. ಅವನ ಹಿಂದೆ ಆಕ್ಸಿಜನ್ ಸಿಲಿಂಡರು ಎಳೆದುಕೊಂಡು ಫ್ಲೋರಿನಮ್ಮ.

"ಖಾಲಿ ಐತೆ ಡಾಕ್ಟರಮ್ಮಾ! ಒಂದು ಖಾಲಿ ಆಯ್ತು! ಏನೂ ಕಳಿಸ್ಬೇಡಿ, ಕಣ್ಣಲ್ಲಿ ನೋಡಿ!"

ಮಂಚ ತಂದು ಡಾಕ್ಟರಮ್ಮನ ಮುಂದೆಯೇ ನಿಲ್ಲಿಸಿದ. ನಿಂಗಾಜಮ್ಮನ ಕಾಲು ಸೋತಿತು, ಎದೆ ಸೋತಿತು. ಆ ಮಂಚದ ಮೇಲೆ ಉರುಳಿಕೊಂಡಳು. ಫ್ಲೋರಿನಮ್ಮ ಬಂದು ಮಾಸ್ಕು ಕಟ್ಟಿದಳು. ಹೊಂಬಾಳ ತಲೆ ಮೇಲೆ ಕೈ ಹೊತ್ತು ಕೂಗಿದ:

"ಅಯ್ಯೋ ಅವ್ವಾ! ಈಗ ತಾನೇ ಸರಿ ಮಾಡಿದ್ದೆ, ಮತ್ತೆ ಲೆಕ್ಕ ಕೆಡಿಸಿಬಿಟ್ಯಲ್ಲ!"