ತಲೆಯ ಮೇಲಿಟ್ಟ ಮುಷ್ಟಿ

“ಹಳೆಯ ಯಜಮಾನರ ಋಣ ಎಲ್ಲಿಯವರೆಗೆ, ಗುರುಗಳೇ?” ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತಲೆ ನರೆತವರು. “ಬಿಡಿಸಿ ಹೇಳಯ್ಯಾ,” ಎಂದರು.

“ಅವರ ಅಂಗಡಿಯಲ್ಲಿ ಕಸುಬು ಕಲಿತೆ. ಈಗ ಬೇರೆ ಧಣಿಗಾಗಿ ಖರೀದಿ ಮಾಡುತ್ತೇನೆ. ಹರಾಜಿನಲ್ಲಿ ಹಳೆಯ ಯಜಮಾನರು ಒಮ್ಮೆ ಕೆಮ್ಮಿದರೆ ಸಾಕು, ಏರಿಸಬೇಕಾದ ಬೆಲೆ ನನ್ನ ಗಂಟಲಲ್ಲೇ ನಿಲ್ಲುತ್ತದೆ. ಅವರ ಬಳಿ ಇದ್ದಾಗ ಆ ಕೆಮ್ಮಿಗೆ ‘ಸಾಕು, ನಿಲ್ಲಿಸು’ ಎಂದು ಅರ್ಥ. ಇನ್ನೊಮ್ಮೆ ಮಾಲು ತಪ್ಪಿದರೆ ಈಗಿನ ಧಣಿ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ನಾನು ಮಾಡುತ್ತಿರುವುದು ಕೃತಜ್ಞತೆಯೋ ದ್ರೋಹವೋ, ನನಗೇ ತಿಳಿಯದು.”

ಗುರುಗಳು ಒಂದು ಕತೆ ಹೇಳಿದರು.

ಕ್ರೊಯೇಷಿಯಾ ದೇಶದಲ್ಲಿ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿದ್ದ. ಆಟವೇ ಅವನ ಅನ್ನ. ಕಡಲ ದಂಡೆಯ ಒಂದು ತಂಡದಲ್ಲಿ ಕಲಿತ. ಅಲ್ಲಿಯ ತರಬೇತುದಾರ ಅಂಗಳದ ಅಂಚಿನಲ್ಲಿ ನಿಂತು ತಲೆಯ ಮೇಲೆ ಮುಷ್ಟಿ ಇಟ್ಟರೆ, ಇವನು ಇದ್ದ ಜಾಗ ಬಿಟ್ಟು ಎಡ ಮೂಲೆಗೆ ಓಡಬೇಕು. ಚೆಂಡು ಅಲ್ಲಿಗೆ ಬರುತ್ತಿತ್ತು. ಇವನು ಬುಟ್ಟಿಗೆ ಹಾಕುತ್ತಿದ್ದ. ಹೆಸರು ಬಂತು.

ಹೆಸರು ಬಂದವನನ್ನು ಪೇಟೆ ಸುಮ್ಮನೆ ಬಿಡುವುದಿಲ್ಲ. ತುರ್ಕಿಯ ತಂಡ ಕರೆಯಿತು, ಹೋದ. ಸ್ಪೇನ್ ಕರೆಯಿತು, ಅಲ್ಲಿಗೂ ಹೋದ. ತಂಡ ತಂಡಕ್ಕೂ ಸಂಜ್ಞೆ ಬೇರೆ. ತುರ್ಕಿಯಲ್ಲಿ ಕಿವಿ ಮುಟ್ಟಿದರೆ ಮುನ್ನುಗ್ಗಬೇಕು. ಸ್ಪೇನ್‌ನಲ್ಲಿ ಅದೇ ಕಿವಿ ಮುಟ್ಟಿದರೆ ಹಿಂದೆ ಸರಿಯಬೇಕು. ಊಟಕ್ಕೆ ಕೂತಾಗ ಪಕ್ಕದವನು ಕಿವಿ ಕೆರೆದುಕೊಂಡರೂ ಇವನು ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಎದ್ದು, ಯಾವ ದೇಶದಲ್ಲಿದ್ದೇನೆಂದು ಯೋಚಿಸಿ, ಮತ್ತೆ ಕೂರುತ್ತಿದ್ದ.

ವಯಸ್ಸಾಯಿತು. ಮೊಣಕಾಲು ಸವೆಯಿತು. ತನ್ನ ದೇಶಕ್ಕೇ ಮರಳಿ, ರಾಜಧಾನಿಯ ಒಂದು ತಂಡದಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಹಿಡಿದ. ಕೊನೆಯ ಪಂದ್ಯ ತಾನು ಕಲಿತ ಹಳೆಯ ತಂಡದ ಮೇಲೆಯೇ ಬಿತ್ತು. ಗೆದ್ದರೆ ಇನ್ನೊಂದು ವರ್ಷ ಕೆಲಸ, ಸೋತರೆ ಮನೆ.

ಅಂಕಗಳು ಸಮನಾಗಿದ್ದವು. ಆಟ ಮುಗಿಯಲು ಬಂದಿತ್ತು. ಚೆಂಡು ಹಳೆಯ ತಂಡದ ಕೈಯಲ್ಲಿತ್ತು. ಎದುರಾಳಿಯ ದೊಡ್ಡ ಆಟಗಾರನನ್ನು ಇವನು ಬುಟ್ಟಿಯ ಕೆಳಗೆ ತಡೆದು ನಿಂತಿದ್ದ. ಆಗ ಆ ಹಳೆಯ ತರಬೇತುದಾರ ಎದ್ದು, ತಲೆಯ ಮೇಲೆ ಮುಷ್ಟಿ ಇಟ್ಟ.

ಇವನು ಎಡ ಮೂಲೆಗೆ ಓಡಿದ. ಓಡಿ, ಚೆಂಡಿಗಾಗಿ ಕೈ ಚಾಚಿ ನಿಂತ.

ಚೆಂಡು ಇವನ ಕೈಗೆ ಬರಲಿಲ್ಲ. ಬುಟ್ಟಿಯ ಕೆಳಗೆ ಒಂಟಿಯಾಗಿ ಉಳಿದವನಿಗೆ ಹೋಯಿತು. ಅವನು ಮೆಲ್ಲಗೆ ಹಾಕಿದ. ಪಂದ್ಯ ಮುಗಿಯಿತು. ಜನ ಹೊಟ್ಟೆ ಹಿಡಿದು ನಕ್ಕರು. ಇವನು ಇನ್ನೂ ಕೈ ಚಾಚಿಕೊಂಡೇ ಇದ್ದ.

ಈಗಿನ ತರಬೇತುದಾರ ಬಂದು ಕೇಳಿದ: “ಯಾರ ಅನ್ನ ಉಣ್ಣುತ್ತಿದ್ದೀಯೋ ಮಾರಾಯ?”

“ನಿಮ್ಮದೇ.”

“ಮತ್ತೆ ಆ ಮೂಲೆಯಲ್ಲಿ ಏನಿತ್ತು?”

ಅವನು ಮೂಲೆಯನ್ನು ನೋಡಿದ, ತನ್ನ ಮೈಮೇಲಿನ ಅಂಗಿಯ ಬಣ್ಣವನ್ನು ನೋಡಿದ. ಮರುದಿನ ಅವನ ಕೆಲಸ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕಣ್ಣೊರೆಸಿಕೊಂಡ.

“ಕೆಲಸ ಹೋದರೆ ಹೋಗಲಿ ಗುರುಗಳೇ, ಋಣ ಎಂದರೆ ಅದು. ಇಷ್ಟು ವರ್ಷದ ಮೇಲೂ ಶಿಷ್ಯ ತನ್ನ ಕೈಸನ್ನೆ ಮರೆತಿಲ್ಲ ಎಂದು ಆ ಮುದುಕನ ಕಣ್ಣು ತುಂಬಿರಬೇಕು.”

ಗುರುಗಳು ಹೇಳಿದರು: “ಆ ಸನ್ನೆಯನ್ನು ಆ ಮುದುಕನ ತಂಡವೇ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು, ಅಂದು ಅಂಗಳದಲ್ಲಿ ಅದರ ಅರ್ಥ ತಿಳಿದಿದ್ದ ಆಟಗಾರ ಇವನೊಬ್ಬನೇ.”