ಮಗಳ ಮೆಣಸಿನ ಗಿಡ

“ಬುದ್ಧೀ, ಪ್ರೀತಿಯಿಂದ ಮಾಡಿದ ಕೆಲಸವೂ ಪಾಪವಾದೀತೇ?” ಎಂದು ಶಿಷ್ಯ ಕೇಳಿದ.

ಇಲ್ಲ ಎಂಬ ಮಾತನ್ನು ಕೇಳಿ ಹಗುರಾಗಲು ಇವನು ಬಂದಿದ್ದಾನೆ ಎಂಬುದು ಗುರುಗಳಿಗೆ ತಿಳಿಯಿತು. ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಮಾಳಪ್ಪನೆಂಬ ಕಂಬಳಿ ನೇಕಾರನಿದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ಆ ಹೆರಿಗೆಯಲ್ಲಿ ಉಳಿದ ಮಗಳನ್ನು ಅವನೇ ಎತ್ತಿ ಆಡಿಸಿ ಬೆಳೆಸಿದ್ದ. ಅವಳ ಹೆಸರು ಬಾಳವ್ವ. ಅವನು ಮಗ್ಗದ ಕುಣಿಗೆ ಇಳಿದರೆ ಅವಳು ಪಕ್ಕದಲ್ಲಿ ಕುಳಿತು ಉಣ್ಣೆ ಬಿಡಿಸುವಳು. ಸಂಜೆ ಅವನು ರೊಟ್ಟಿ ಬಡಿದರೆ ಅವಳು ಚಟ್ನಿ ಕುಟ್ಟುವಳು. ಇಬ್ಬರಿಗೂ ಮೂರನೆಯವರು ಬೇಕೆನಿಸಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬಾಳವ್ವ ಅಜ್ಜಿಯ ಊರಿಗೆ ಹೋಗಿದ್ದವಳು ಸೆರಗಿನ ತುದಿಯಲ್ಲಿ ಮೆಣಸಿನ ಬೀಜ ಕಟ್ಟಿಕೊಂಡು ಬಂದಳು. ಅಲ್ಲಿನ ಗುಂಡು ಮೆಣಸಿನಕಾಯಿ ಅವಳಿಗೆ ಬಹಳ ಹಿಡಿಸಿತ್ತು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಮಣ್ಣು ಸಡಿಲಿಸಿ ಅವನ್ನು ಊರಿದಳು. ಅದಾದ ಕೆಲವೇ ದಿನಕ್ಕೆ ಜ್ವರ ಹಿಡಿಯಿತು. ಊರಿನ ಮದ್ದೆಲ್ಲ ಆಯಿತು, ಪಕ್ಕದ ಊರಿನ ಮದ್ದೂ ಆಯಿತು. ಮೊದಲ ಮಳೆ ಬೀಳುವ ಹೊತ್ತಿಗೆ ಹುಡುಗಿ ಇರಲಿಲ್ಲ.

ಮಳೆ ಬಿದ್ದ ಮೇಲೆ ಕಲ್ಲಿನ ಪಕ್ಕದಲ್ಲಿ ಒಂದೇ ಒಂದು ಮೊಳಕೆ ಎದ್ದಿತು. ಉಳಿದ ಬೀಜಗಳನ್ನು ಇರುವೆಗಳು ಹೊತ್ತೊಯ್ದಿದ್ದವೋ ಏನೋ.

ನೇಕಾರ ಆ ಮೊಳಕೆಯ ಮುಂದೆ ಕುಳಿತವನು ಏಳಲಿಲ್ಲ. ಮಗ್ಗ ನಿಂತಿತು. ಒಲೆ ಹೊತ್ತಿಸಿದರೆ ಹೊತ್ತಿಸಿದ, ಇಲ್ಲದಿದ್ದರೆ ಇಲ್ಲ. ಬೆಳಗ್ಗೆ ನೀರು, ಮಧ್ಯಾಹ್ನ ನೀರು, ಕತ್ತಲಾದ ಮೇಲೆ ಮತ್ತೆ ನೀರು. ತಂಬಿಗೆ ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ.

ಪಕ್ಕದ ಮನೆಯಲ್ಲಿ ಹೊನ್ನವ್ವ ಎಂಬ ಹೆಂಗಸಿದ್ದಳು. ನೇಕಾರನಿಗಿಂತ ಹಿರಿಯಳು. ಅವಳ ಗಂಡನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಅವನನ್ನು ಹೊರಳಿಸಬೇಕು, ಒರೆಸಬೇಕು, ಗಂಟೆಗೊಮ್ಮೆ ಬಾಯಿಗೆ ನೀರು ಬಿಡಬೇಕು. ಹಾಗಾಗಿ ಅವಳು ಕೂಲಿಗೆ ಹೋಗುವಂತಿರಲಿಲ್ಲ. ಮನೆಯ ಹಿಂದಿನ ಹಿತ್ತಲೇ ಅವಳ ಹೊಲ. ಹೆಚ್ಚಿನ ಜಾಗದಲ್ಲಿ ಮೆಣಸಿನ ಮಡಿ, ಅಂಚಿನಲ್ಲಿ ಚೆಂಡುಹೂ. ಹಸಿ ಮೆಣಸಿನಕಾಯಿ ಮಾರಿ, ಉಳಿದದ್ದನ್ನು ಹಣ್ಣು ಮಾಡಿ ಒಣಗಿಸಿ ಮಾರಿ, ಅದರಲ್ಲೇ ಇಬ್ಬರ ವರ್ಷ ಕಳೆಯುತ್ತಿತ್ತು. ಎರಡು ಹಿತ್ತಲುಗಳ ನಡುವೆ ಇದ್ದದ್ದು ಸೊಂಟದೆತ್ತರದ ಮಣ್ಣಿನ ಗೋಡೆ.

ಆ ಗೋಡೆಯ ಆಚೆಯಿಂದ ಅವಳು ಕೆಲವು ದಿನ ನೋಡಿದಳು. ಆಮೇಲೆ ತಡೆಯಲಾರದೆ ಹೇಳಿದಳು: “ಮಾಳಪ್ಪಾ, ಒಂದೇ ಗಿಡ ನೋಡುತ್ತಾ ಕೂತರೆ ಅದೂ ಉಳಿಯಲ್ಲ, ನೀನೂ ಉಳಿಯಲ್ಲ. ಕೈಗೆ ಬೇರೆ ಕೆಲಸ ಕೊಡು.”

ಅವಳೇ ಬೀಜ ಕೊಟ್ಟಳು. ಹರಿವೆ, ಬೆಂಡೆ, ಹೀರೆ, ಚೆಂಡುಹೂವಿನ ಸಸಿ. ನೇಕಾರನಿಗೆ ಮಣ್ಣಿನ ಕೆಲಸ ಬಾರದು. ಹರಿವೆ ಬೀಜವನ್ನು ಆಳಕ್ಕೆ ಹೂತ, ಅದು ಮೇಲೇಳಲಿಲ್ಲ. ಎದ್ದ ಬೆಂಡೆಯನ್ನು ಕೋಳಿ ಕೆದರಿತು. ಹೀರೆಬಳ್ಳಿಗೆ ಚಪ್ಪರ ಹಾಕುವುದು ತಡವಾಗಿ ಅದು ನೆಲದಲ್ಲೇ ಕೊಳೆಯಿತು. ಪ್ರತಿ ಸಲವೂ ಹೊನ್ನವ್ವ ಗೋಡೆಯ ಆಚೆಯಿಂದ ತಿದ್ದಿದಳು. ಬೀಜದ ಮೇಲೆ ಎಷ್ಟು ಮಣ್ಣಿರಬೇಕು, ಒತ್ತಾಗಿ ಎದ್ದ ಸಸಿಗಳಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಕೀಳಬೇಕು, ನೀರನ್ನು ಬುಡಕ್ಕೆ ಹೇಗೆ ಹಾಯಿಸಬೇಕು ಎಂದು ಹೇಳಿಕೊಟ್ಟಳು. ಅವನು ಮತ್ತೆ ಬಿತ್ತಿದ. ಈ ಸಲ ಹರಿವೆ ಎದ್ದಿತು.

ಹರಿವೆ ಕೊಯ್ದ ದಿನ ಅವನು ಒಲೆ ಹೊತ್ತಿಸಿ ಹೊಟ್ಟೆ ತುಂಬ ಉಂಡ. ಮರುದಿನ ಮಗ್ಗದ ಧೂಳು ಝಾಡಿಸಿದ.

ಆಷಾಢದಲ್ಲಿ ನೇಯ್ದ ಕಂಬಳಿಗಳನ್ನು ಹೊತ್ತು ಅವನು ದೂರದ ಸಂತೆಗಳಿಗೆ ಹೋದ. ಮೆಣಸಿನ ಸಸಿಯನ್ನು ನೋಡಿಕೊಳ್ಳಲು ಹೊನ್ನವ್ವನಿಗೆ ಒಪ್ಪಿಸಿದ್ದ. ತಿರುಗಿ ಬಂದಾಗ ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡಿದ. ಸಸಿ ಇತ್ತು. ಬಿಟ್ಟುಹೋದಾಗ ಇದ್ದದ್ದಕ್ಕಿಂತ ಗಟ್ಟಿಯಾಗಿ, ಎಲೆ ಹರಡಿಕೊಂಡು ನಿಂತಿತ್ತು. ಮಳೆಯ ನೀರು ಹಿಡಿಸಿದೆ ಎಂದುಕೊಂಡ. ಹೊನ್ನವ್ವನಿಗೆ ಕೈಮುಗಿದ. ಅವಳು ಇರಲಿ ಬಿಡು ಎಂದು ಒಳಗೆ ಹೋದಳು.

ಶ್ರಾವಣದಲ್ಲಿ ಹಿತ್ತಲು ತುಂಬಿತು. ಬೆಂಡೆ ದಿನ ಬಿಟ್ಟು ದಿನ ಕೊಯ್ಲಿಗೆ ಬಂತು. ಹೀರೆ ಚಪ್ಪರದಿಂದ ಇಳಿಬಿದ್ದಿತು. ಚೆಂಡುಹೂ ಮೊಗ್ಗಾಯಿತು. ಓಣಿಯ ಜನ ಹಾದುಹೋಗುವಾಗ ನಿಂತು ನೋಡಿದರು. ಮಗಳು ಹೋದ ಮೇಲೆ ಈಗ ಮಾಳಪ್ಪ ಮತ್ತೆ ಮನುಷ್ಯನಾದ ಎಂದರು. ಅವನು ಬೆಂಡೆಕಾಯಿ ಕೊಯ್ದು ಮನೆಮನೆಗೆ ಹಂಚಿದ. ಮೆಣಸಿನ ಗಿಡದಿಂದ ಮಾತ್ರ ಒಂದು ಎಲೆಯನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಅದರ ಸುತ್ತ ಕಲ್ಲು ಕಟ್ಟಿದ. ದಿನವೂ ಅದಕ್ಕೆ ಊರಿನ ಸುದ್ದಿ ಹೇಳುತ್ತಿದ್ದ.

ಗಿಡ ಹೂಬಿಟ್ಟಿತು, ಕಾಯಿ ಕಚ್ಚಿತು. ಕಾಯಿ ಬೆಳೆದಾಗ ನೇಕಾರ ಅದರ ಮುಂದೆ ಬಹಳ ಹೊತ್ತು ಕುಳಿತ. ಮಗಳು ಊರಿದ್ದು ಗುಂಡು ಮೆಣಸಿನಕಾಯಿಯ ಬೀಜ. ಗಿಡದಲ್ಲಿದ್ದದ್ದು ಉದ್ದ ಕಾಯಿ. ಅಂಥ ಕಾಯಿಗಳು ಗೋಡೆಯ ಆಚೆ ಹೊನ್ನವ್ವನ ಮಡಿಯ ತುಂಬ ಇದ್ದವು.

ಏನಾಗಿದೆ ಎಂಬುದು ಅವನಿಗೆ ಹೊಳೆಯಿತು. ಹೊಳೆದದ್ದನ್ನು ಅವನು ಮುಂದಕ್ಕೆ ಹೋಗಗೊಡಲಿಲ್ಲ. ಬೀಜ ಬೆರಕೆಯಾಗಿರುತ್ತದೆ, ಅಜ್ಜಿಯ ಊರಿನಲ್ಲೂ ಉದ್ದ ಕಾಯಿ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕಾಯಿಗಳನ್ನು ಹಸಿರಿರುವಾಗಲೇ ಕಿತ್ತು ಮಣ್ಣಿನಲ್ಲಿ ಹೂತುಬಿಟ್ಟ. ಹೊನ್ನವ್ವನನ್ನು ಏನೂ ಕೇಳಲಿಲ್ಲ. ಮರುದಿನ ಎಂದಿನಂತೆ ಗಿಡದ ಮುಂದೆ ಕುಳಿತು, ಬಾಳವ್ವಾ ಎಂದು ಮಾತು ತೆಗೆದ.

ಭಾದ್ರಪದದಲ್ಲಿ ಮಳೆ ಹಿಂದಾಯಿತು, ಬಿಸಿಲು ಕಾಯಿತು. ಒಂದು ದಿನ ಆ ಗಿಡದ ಕುಡಿಯೆಲೆಗಳು ದೋಣಿಯಂತೆ ಮೇಲಕ್ಕೆ ಮಡಚಿಕೊಂಡವು. ಮುಟ್ಟಿದರೆ ಎಲೆಯಡಿಯಿಂದ ಹಿಟ್ಟು ಹಾರಿದಂತೆ ಬಿಳಿ ನೊಣಗಳು ಎದ್ದವು. ಹೊನ್ನವ್ವ ಗೋಡೆಯ ಆಚೆಯಿಂದ ನೋಡಿದವಳೇ ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗೆಯನ್ನು ಕೆಳಗಿಟ್ಟಳು. ಇದು ಮುರುಟು ರೋಗ, ಬಂದ ಗಿಡ ಬದುಕುವುದಿಲ್ಲ, ನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ, ಇವತ್ತೇ ಕಿತ್ತು ಸುಟ್ಟುಬಿಡು ಎಂದಳು.

ನೇಕಾರ ಆಗುವುದಿಲ್ಲ ಎಂದ. ಬೂದಿ ಎರಚಿದ. ಹುಳಿ ಮಜ್ಜಿಗೆ ಚಿಮುಕಿಸಿದ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಒರೆಸಿದ. ರಾತ್ರಿ ಗಿಡಕ್ಕೆ ಕಂಬಳಿ ಹೊದಿಸಿದ. ಎಲೆಗಳು ಇನ್ನಷ್ಟು ಮುದುಡಿದವು.

ಹೊನ್ನವ್ವ ಮತ್ತೆ ಬಂದಳು. ಈ ಸಲ ಗೋಡೆಯ ಬಳಿ ನಿಲ್ಲಲಿಲ್ಲ, ಬೀದಿಯಿಂದ ಸುತ್ತಿ ಅವನ ಅಂಗಳಕ್ಕೇ ಬಂದಳು. ಅವಳ ಮಡಿಯ ಅಂಚಿನ ಗಿಡಗಳಲ್ಲಿ ಕುಡಿ ಮುರುಟಲು ತೊಡಗಿತ್ತು. ಅವನ್ನು ಅವಳು ಆಗಲೇ ಕಿತ್ತು ಸುಟ್ಟಿದ್ದಳು. ರೋಗದ ಗಿಡ ಗೋಡೆಯ ಈಚೆ ಇರುವ ತನಕ ಆಚೆ ಕಿತ್ತು ಪ್ರಯೋಜನವಿರಲಿಲ್ಲ. ಅವಳು ಬೇಡಿಕೊಂಡಳು. ಒಳಗೆ ಮಲಗಿರುವವನ ಅನ್ನ ಅದೇ ಮಡಿಯಲ್ಲಿದೆ ಎಂದಳು. ನೇಕಾರ ತಲೆ ಎತ್ತಲಿಲ್ಲ. ಎಲ್ಲರ ಗಿಡಕ್ಕೂ ರೋಗ ಬರುತ್ತದೆ, ನನ್ನ ಮಗಳನ್ನೇ ಯಾಕೆ ಕೀಳಬೇಕು ಎಂದ.

ಆಗ ಹೊನ್ನವ್ವ ದನಿ ತಗ್ಗಿಸಿ ಹೇಳಿದಳು: “ಅದು ನಿನ್ನ ಮಗಳು ಹಾಕಿದ ಗಿಡ ಅಲ್ಲಪ್ಪಾ. ನೀನು ಸಂತೆಗೆ ಹೋದಾಗ ಅದು ಬುಡ ಕೊಳೆತು ಬಿದ್ದುಹೋಯಿತು. ನೀನು ಬಂದು ನೋಡಿದರೆ ಜೀವ ಬಿಡುತ್ತೀ ಅಂತ ನನ್ನ ಮಡಿಯಿಂದ ಒಂದನ್ನು ತಂದು ನೆಟ್ಟೆ.”

ಓಣಿಯ ನಾಲ್ಕು ಜನ ಬಾಗಿಲ ಬಳಿ ಬಂದು ನಿಂತಿದ್ದರು. ನೇಕಾರ ಎದ್ದು ನಿಂತ. ಅವನ ಕಣ್ಣ ಮುಂದೆ ಆ ಉದ್ದ ಕಾಯಿಗಳು ಬಂದವು. ಅವನ್ನು ಹೂತ ಜಾಗ ಅವನ ಕಾಲಡಿಯಲ್ಲೇ ಇತ್ತು.

“ನಿನ್ನ ನಾಲ್ಕು ಗಿಡ ಉಳಿಸಿಕೊಳ್ಳೋದಕ್ಕೆ ಸತ್ತ ಮಗುವಿನ ಮೇಲೆ ಸುಳ್ಳು ಹೇಳುತ್ತೀಯಾ?” ಎಂದ.

ಹೊನ್ನವ್ವ ಅವನ ಮುಖ ನೋಡಿದಳು. ಅವನಿಗೆ ಗೊತ್ತಿದೆಯೆಂದು ಅವಳಿಗೆ ಅನಿಸಿತೋ ಇಲ್ಲವೋ, ಅವಳು ಹೇಳಲಿಲ್ಲ. ಜನ ಅವಳನ್ನೇ ಬೈದರು. ಮಗಳನ್ನು ಕಳೆದುಕೊಂಡವನ ಹೊಟ್ಟೆಗೆ ಕೊಳ್ಳಿ ಇಡಬೇಡ ಎಂದರು. ಅವಳು ಮನೆಗೆ ಹೋದಳು. ಆ ದಿನದಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ಅವಳು ಗೋಡೆ ದಾಟಿ ಗಿಡವನ್ನು ತಾನೇ ಕಿತ್ತೊಗೆಯಬಹುದಿತ್ತು. ಗೋಡೆ ಸೊಂಟದೆತ್ತರ ಮಾತ್ರ. ಅವಳು ಹಾಗೆ ಮಾಡಲಿಲ್ಲ.

ದಸರೆಯ ಹೊತ್ತಿಗೆ ಅವಳ ಮಡಿಯಲ್ಲಿ ಮುರುಟದ ಗಿಡ ಒಂದೂ ಉಳಿಯಲಿಲ್ಲ. ಹೂ ಉದುರಿತು, ಕಚ್ಚಿದ ಕಾಯಿ ಬೆರಳ ಉಗುರಿಗಿಂತ ದೊಡ್ಡದಾಗಲಿಲ್ಲ. ಅವಳು ಎಲ್ಲವನ್ನೂ ಕಿತ್ತು ರಾಶಿ ಹಾಕಿ ಬೆಂಕಿ ಕೊಟ್ಟಳು. ಅದರ ಘಾಟಿಗೆ ಓಣಿಯೆಲ್ಲ ಕೆಮ್ಮಿತು. ಚೆಂಡುಹೂ ಮಾರಿ ಬಂದದ್ದು ಹಬ್ಬದ ಆಚೆಗೆ ಬಾಳಲಿಲ್ಲ. ಅವಳು ಊರ ಹೊರಗಿನ ಸುಣ್ಣದ ಭಟ್ಟಿಗೆ ಕೂಲಿಗೆ ಹೊರಟಳು. ಬೆಳಗ್ಗೆ ಗಂಡನಿಗೆ ಉಣಿಸಿ, ಆಡುವ ಕೈಯ ಬಳಿ ನೀರಿನ ತಂಬಿಗೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊದಲಾಗಿದ್ದರೆ ನೇಕಾರನಿಗೆ ಒಂದು ಮಾತು ಹೇಳಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ನೇಕಾರ ಮಗ್ಗದಲ್ಲಿ ಕುಳಿತಿದ್ದಾಗ ಪಕ್ಕದ ಮನೆಯಿಂದ ಒಂದು ಸದ್ದು ಕೇಳಿತು. ಮಾತಲ್ಲ, ದನ ಮುಲುಕಿದಂಥ ಸದ್ದು. ಅವನು ಮಗ್ಗ ನಿಲ್ಲಿಸಿ ಕಿವಿಗೊಟ್ಟ. ಮತ್ತೊಮ್ಮೆ ಕೇಳಿತು. ಎದ್ದು ಬಾಗಿಲ ತನಕ ಬಂದ. ಮಾತು ಬಿಟ್ಟವರ ಮನೆಗೆ ಯಜಮಾನಿ ಇಲ್ಲದಾಗ ಹೇಗೆ ಕಾಲಿಡುವುದು ಎಂದುಕೊಂಡ. ಹೋದರೆ ನನ್ನ ತಪ್ಪನ್ನು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದೂ ಅನಿಸಿತು. ತಿರುಗಿ ಬಂದು ಕುಳಿತು ಲಾಳಿ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಸದ್ದು ನಿಂತಿತು. ಮಲಗಿರಬೇಕು ಎಂದುಕೊಂಡ.

ಸಂಜೆ ಹೊನ್ನವ್ವ ಬಾಗಿಲು ತೆಗೆದಾಗ ಗಂಡ ಚಾಪೆಯ ಮೇಲಿರಲಿಲ್ಲ. ಬಾಗಿಲ ಕಡೆಗೆ ತೆವಳಿ ಬಂದು ಹೊಸ್ತಿಲ ಬಳಿ ಬೋರಲಾಗಿ ಬಿದ್ದಿದ್ದ. ಮೈ ತಣ್ಣಗಾಗಿತ್ತು. ತಂಬಿಗೆ ಎಲ್ಲೋ ಉರುಳಿ, ಚೆಲ್ಲಿದ ನೀರು ಆರಿಹೋಗಿತ್ತು.

ಓಣಿಯ ಜನ ಸೇರಿದರು. ಚಟ್ಟಕ್ಕೆ ಹೆಗಲು ಕೊಡಲು ನೇಕಾರನೂ ಹೋದ. ಮಧ್ಯಾಹ್ನ ಏನಾದರೂ ಕೇಳಿಸಿತೇ ಎಂದು ಯಾರೂ ಅವನನ್ನು ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ಅವನು ದಾರಿಯುದ್ದಕ್ಕೂ ಕಾದ.

ಮಣ್ಣು ಮಾಡಿ ಬಂದವನು ನೇರವಾಗಿ ಹಿತ್ತಲಿಗೆ ಹೋದ. ಮೆಣಸಿನ ಗಿಡದಲ್ಲಿ ಆಗ ಎಲೆಗಳೇ ಇರಲಿಲ್ಲ; ಮುರುಟಿದ ಕಡ್ಡಿಗಳಿದ್ದವು. ಬುಡಕ್ಕೆ ಕೈ ಹಾಕಿ ಎಳೆದ. ಅದು ಯಾವ ಬಿಗಿಯೂ ಇಲ್ಲದೆ ಎದ್ದು ಬಂತು. ಅದನ್ನು ಕೈಯಲ್ಲಿ ಹಿಡಿದು ಬೀದಿಯಿಂದ ಸುತ್ತಿ ಹೊನ್ನವ್ವನ ಬಾಗಿಲಿಗೆ ಬಂದ. ಅವಳು ತವರಿನ ತಮ್ಮನ ಊರಿಗೆ ಹೋಗಲು ಗಂಟು ಕಟ್ಟುತ್ತಿದ್ದಳು.

“ಅಕ್ಕಾ, ಕಿತ್ತೆ,” ಎಂದ.

ಹೊನ್ನವ್ವ ತಲೆ ಎತ್ತಿ ಗಿಡವನ್ನು ನೋಡಿದಳು. “ಸುಟ್ಟುಹಾಕು. ತಿಪ್ಪೆಗೆ ಎಸೆಯಬೇಡ,” ಎಂದಳು. ಮತ್ತೆ ಗಂಟು ಕಟ್ಟಲು ಬಾಗಿದಳು.

ಅವಳು ಆ ಊರಿಗೆ ತಿರುಗಿ ಬರಲಿಲ್ಲ. ಮುಂದಿನ ಮಳೆಗೆ ನೇಕಾರನ ಹಿತ್ತಲಿನಲ್ಲಿ ಯಾರೂ ಬಿತ್ತಲಿಲ್ಲ. ಹೋದ ವರ್ಷ ಉದುರಿದ ಹರಿವೆ ತಾನಾಗಿಯೇ ಎದ್ದಿತು, ಒತ್ತಾಗಿ ಎದ್ದು ಒಂದರ ನೆರಳಿನಲ್ಲಿ ಒಂದು ಸೊರಗಿತು. ಅವನು ಕಿತ್ತು ಬಿಡಿಸಲೂ ಇಲ್ಲ, ಕೊಯ್ಯಲೂ ಇಲ್ಲ. ಮಗ್ಗದಲ್ಲಿ ಕೂರುತ್ತಿದ್ದ, ನಡುನಡುವೆ ನಿಲ್ಲಿಸಿ ಪಕ್ಕದ ಮನೆಯ ಗೋಡೆಗೆ ಕಿವಿ ಕೊಡುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ “ಆದರೂ ಬುದ್ಧೀ, ಪಾಪ, ಮಗಳ ಮೇಲಿನ ಪ್ರೀತಿಯಿಂದಲ್ಲವೇ ಅವನು ಹಾಗೆ ಮಾಡಿದ್ದು?” ಎಂದ.

ಗುರುಗಳು ಅವನ ಕಣ್ಣನ್ನೇ ನೋಡಿ ಕೇಳಿದರು: “ಗಿಡ ಮಗಳದಲ್ಲವೆಂದು ಗೊತ್ತಾದ ಮೇಲೂ ಕಾಯ್ದನಲ್ಲ, ಅದು ಯಾರ ಮೇಲಿನ ಪ್ರೀತಿ?”